ಎತ್ತುವ ಕೈಗೆ ಮೌನವ್ರತ

ಐವತ್ತು ದಾಟಿದ ಹೆಂಗಸು ಜಿಮ್ಮಿಗೆ ಹೋಗಿ ಡಂಬೆಲ್ ಎತ್ತುತ್ತಾಳೆ ಎಂದರೆ ನವನಗರದಲ್ಲಿ ಈಗಲೂ ನಗುವವರಿದ್ದಾರೆ. ನಗಲಿ. ನನ್ನ ಬೆನ್ನು ಹಿಡಿದುಕೊಂಡಾಗ ಅವರಲ್ಲಿ ಯಾರೂ ಬಂದು ಮುಲಾಮು ತಿಕ್ಕಿರಲಿಲ್ಲ. ಸರಕಾರಿ ಕಚೇರಿಯ ಕುರ್ಚಿಯಲ್ಲಿ ಕೂತು ಕೂತು ನಾನು ಎದ್ದರೆ ಕೂಡಲಾರದವಳು, ಕೂತರೆ ಏಳಲಾರದವಳು ಆಗಿದ್ದೆ. ಎಲುಬಿನ ಡಾಕ್ಟರು ಎಕ್ಸರೇ ನೋಡಿ, ಎಲುಬು ನೆಟ್ಟಗಿದೆ, ಬೆನ್ನಿನ ಸ್ನಾಯುಗಳಲ್ಲೇ ಜೀವವಿಲ್ಲ, ಅವಕ್ಕೆ ಸ್ವಲ್ಪ ಕೆಲಸ ಕೊಡಿ ಎಂದರು. ಇಷ್ಟು ವರ್ಷ ಕೆಲಸ ಮಾಡಿದ್ದೇನೆಂದೇ ತಿಳಿದುಕೊಂಡಿದ್ದ ನನಗೆ ಅದು ಹೊಸ ಸುದ್ದಿ.

ಹಾಗೆ ಕಲಿತದ್ದು ಒಂದು ಕೈಯಿಂದ ಡಂಬೆಲ್ ಎಳೆಯುವ ವ್ಯಾಯಾಮ. ಜಿಮ್ಮಿನಲ್ಲಿ ಅದಕ್ಕೆ ರೋ ಅನ್ನುತ್ತಾರೆ. ಎಡ ಮೊಣಕಾಲು ಬೆಂಚಿನ ಮೇಲೆ, ಎಡ ಅಂಗೈಯೂ ಬೆಂಚಿನ ಮೇಲೆ, ಬಲಗಾಲು ನೆಲದ ಮೇಲೆ. ಮುಂದಕ್ಕೆ ಬಾಗಬೇಕು, ಆದರೆ ಬೆನ್ನು ಊಟದ ಮಣೆಯಷ್ಟು ಸಪಾಟು ಇರಬೇಕು. ಬಲಗೈಯಲ್ಲಿ ಜೋತುಬಿದ್ದ ಡಂಬೆಲ್ಲನ್ನು ಮೊಣಕೈ ಸೊಂಟದ ಪಕ್ಕಕ್ಕೆ ಬರುವಂತೆ ಎಳೆದು, ಒಂದು ಗಳಿಗೆ ನಿಂತು, ನಿಧಾನಕ್ಕೆ ಇಳಿಸಬೇಕು. ಎಳೆಯುವುದು ಕೈಯಲ್ಲ, ಬೆನ್ನು. ಕೈ ಬರೀ ಕೊಕ್ಕೆ. ಇದು ತಲೆಗೆ ಹೋಗಲು ನನಗೆ ಬಹಳ ದಿನ ಹಿಡಿಯಿತು, ಏಕೆಂದರೆ ಕೆಲಸ ಅಂದರೆ ಕೈಯದೇ ಎಂದು ನಾವೆಲ್ಲ ನಂಬಿ ಬೆಳೆದವರು.

ನಾನು ಭುಜ ತಿರುವಿ ಜಗ್ಗುವುದನ್ನು ನೋಡಿದ ಜಿಮ್ಮಿನಲ್ಲಿ ಕಲಿಸುವ ಹೆಂಗಸು, ಬಾವಿಯಿಂದ ಕೊಡ ಸೇದಿದಂತೆ ಎಳೆಯಬೇಡಿ ಎಂದು ಗದರಿದಳು. ನನಗೆ ನಗು ಬಂತು. ನಮ್ಮ ಮನೆತನದಲ್ಲಿ ಬಾವಿಯಿಂದ ಸೇದುವ ಭಾಗ್ಯ ಯಾರಿಗಿತ್ತು? ಊರಾಚೆಯ ಕೇರಿಯ ನಮ್ಮಜ್ಜಿ ಕೊಡ ಹಿಡಿದು ದೂರ ನಿಲ್ಲುತ್ತಿದ್ದಳಂತೆ, ಮನಸ್ಸು ಬಂದವರು ಮೇಲಿನಿಂದ ಹೊಯ್ಯುತ್ತಿದ್ದರಂತೆ. ಅಪ್ಪ ಆ ಕೇರಿ ಬಿಟ್ಟು ಮಾಸ್ತರನಾದ, ಬುದ್ಧನ ದಾರಿ ಹಿಡಿದ, ನಮ್ಮನ್ನು ಓದಿಸಿದ. ಈಗ ನನ್ನ ಮನೆಯ ಹಾಲಿನಲ್ಲಿ ಬುದ್ಧನ ಮೂರ್ತಿಯಿದೆ, ಮೇಲೆ ನೀಲಿ ಕೋಟಿನವರ ಫೋಟೋ ಇದೆ. ಬಾಗಿಲು ತೆರೆದಿದ್ದರೆ ರಸ್ತೆಗೆ ಕಾಣುತ್ತದೆ, ಮತ್ತು ನಾನು ಬಾಗಿಲು ಮುಚ್ಚುವುದಿಲ್ಲ. ಹಾಗಾಗಿ ನಾವು ಯಾರೆಂದು ಓಣಿಯಲ್ಲಿ ಯಾರೂ ಕೇಳುವ ಕಷ್ಟ ತೆಗೆದುಕೊಂಡಿಲ್ಲ.

ಬಾಜೂ ಮನೆಯವರು ಧಾರವಾಡದ ಹಳೆಯ ಬ್ರಾಹ್ಮಣ ಮನೆತನದವರು. ತೀರಿಹೋದ ಅಜ್ಜ ಹೆಡ್‌ಮಾಸ್ತರರಾಗಿದ್ದವರು, ಅವರ ತಮ್ಮ ಹಾಡುಗಾರ, ಮಗ ಹುಬ್ಬಳ್ಳಿಯಲ್ಲಿ ನೌಕರಿ. ಆ ಮನೆಯ ಸೊಸೆಯನ್ನು ನಾನು ವೈನಿ ಎನ್ನುತ್ತಿದ್ದೆ. ಅಣ್ಣನ ಹೆಂಡತಿಯನ್ನು ಕರೆಯುವ ಮಾತು ಅದು. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ವೈನಿ ಒಳ್ಳೆಯವರು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನನಗೆ ಜ್ವರ ಬಂದಾಗ ಗೋಡೆಯ ಮೇಲಿನಿಂದ ಗಂಜಿಯ ಡಬ್ಬಿ ಕೊಟ್ಟವರು ಅವರು. ನಮ್ಮ ಮನೆಗೆ ಬಂದರೆ ಚಹಾ ಕುಡಿಯುತ್ತಿದ್ದರು, ಅಡುಗೆಮನೆಯ ಕಟ್ಟೆಗೆ ಆತು ನಿಂತು, ಬಸಿಯಲ್ಲಿ ಹೊಯ್ದುಕೊಂಡು. ಅವರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾರೆ ಎಂಬುದು ನನಗೊಂದು ಹೆಮ್ಮೆ. ಎಂಥ ಸಣ್ಣ ಹೆಮ್ಮೆ ಎಂದು ಈಗ ಅನ್ನಿಸುತ್ತದೆ.

ವೈನಿಯ ಅತ್ತೆಗೆ ಎಂಬತ್ತರ ಮೇಲೆ ವಯಸ್ಸು. ಸೊಂಟದ ಎಲುಬು ಮುರಿದ ಮೇಲೆ ಮಂಚ ಬಿಟ್ಟು ಏಳಲಿಲ್ಲ. ಕಣ್ಣು ಮೊದಲೇ ಮಂಜು. ಎದುರಿಗೆ ನಿಂತವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬಾಯಿ ಮಾತ್ರ ಚುರುಕು, ಕಿವಿ ಅದಕ್ಕಿಂತ ಚುರುಕು. ಬೆಳಿಗ್ಗೆ ಅಜ್ಜಿಯನ್ನು ಮಂಚದಿಂದ ಎತ್ತಿ ಕಿಟಕಿಯ ಬಳಿಯ ಬೆತ್ತದ ಕುರ್ಚಿಯಲ್ಲಿ ಕೂಡಿಸಬೇಕು, ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು, ಹಾಸಿಗೆ ಬದಲಿಸಬೇಕು. ಕುರ್ಚಿಯಿಂದ ಮಂಚಕ್ಕೆ ಜಾರಿಸುವುದು ವೈನಿಗೆ ಸಾಧ್ಯವಿತ್ತು, ಮಂಚದಿಂದ ಮೇಲೆತ್ತಲು ದಿನಾ ಹೆಣಗುತ್ತಿದ್ದರು. ಗಾಲಿಕುರ್ಚಿ ತರಿಸಿದ್ದರು, ಅದು ಬಚ್ಚಲದ ಹೊಸ್ತಿಲು ದಾಟಲಿಲ್ಲ, ಅಟ್ಟ ಸೇರಿತು. ಸ್ನಾನಕ್ಕೆ ಮಗನೇ ಹೊತ್ತುಕೊಂಡು ಹೋಗಬೇಕು. ಅವರು ಬೆಳಕು ಹರಿಯುವ ಮೊದಲೇ ಹುಬ್ಬಳ್ಳಿಗೆ ಚಿಗರಿ ಬಸ್ಸು ಹಿಡಿದರೆ ಮರಳುವುದು ಸಂಜೆಗೆ.

ಆಯಾ ಇಟ್ಟುಕೊಳ್ಳಬಾರದೇ ಎಂದು ನಾನೇ ಕೇಳಿದ್ದೆ. ಇಟ್ಟುಕೊಂಡಿದ್ದರಂತೆ, ಒಬ್ಬಳು ಬಂದಿದ್ದಳಂತೆ. ಜಾತಿ ತಿಳಿಯಲು ಅಜ್ಜಿ ಆಕೆಯ ಮನೆತನದ ಅಡ್ಡಹೆಸರು ಕೇಳಿದಳಂತೆ. ಅಷ್ಟಕ್ಕೇ ಮುಗಿಯಿತಂತೆ. ಇದನ್ನು ವೈನಿ ನಮ್ಮ ಅಡುಗೆಮನೆಯಲ್ಲಿ ನಿಂತು, ಬಸಿಯ ಚಹಾ ಊದುತ್ತ, ನಗುನಗುತ್ತ ಹೇಳಿದರು. ಯಾರ ಮನೆಯಲ್ಲಿ ನಿಂತು ಯಾರಿಗೆ ಹೇಳುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯಲಿಲ್ಲ. ನನ್ನನ್ನು ಅಷ್ಟು ತಮ್ಮವಳೆಂದು ತಿಳಿದಿದ್ದಾರೆ, ಅದಕ್ಕೇ ಮರೆತಿದ್ದಾರೆ ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ಜಾಣರಿಗೆ ತಮ್ಮನ್ನು ತಾವು ಮೋಸಗೊಳಿಸಿಕೊಳ್ಳಲು ಬೇರೆ ಯಾರೂ ಬೇಕಾಗುವುದಿಲ್ಲ.

ಹಾಗಾದರೆ ನೀವೇ ಬೆನ್ನು ಗಟ್ಟಿ ಮಾಡಿಕೊಳ್ಳಿ ಎಂದು ನನ್ನದೇ ಒಂದು ಡಂಬೆಲ್ ಕೊಟ್ಟೆ. ನಮ್ಮ ದಿವಾನದ ಮೇಲೆ ಮೊಣಕಾಲು ಊರಿಸಿ, ಬೆನ್ನಿನ ಮೇಲೆ ಕೈಯಿಟ್ಟು, ಯಾವ ಸ್ನಾಯು ಎಳೆಯಬೇಕೆಂದು ತೋರಿಸಿಕೊಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಎಳೆದರು, ಇಬ್ಬರೂ ನಕ್ಕೆವು. ಆ ಡಂಬೆಲ್ಲನ್ನು ಅವರು ಮನೆಯೊಳಗೆ ಒಯ್ಯಲಿಲ್ಲ, ಪಡಸಾಲೆಯ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಟ್ಟರು. ಒಳಗೆ ಜಾಗ ಇಲ್ಲ ಎಂದರು. ಹೌದಿರಬಹುದು ಎಂದುಕೊಂಡೆ. ಆದರೆ ವೈನಿಗೆ ತಾಳ್ಮೆ ಕಡಿಮೆ. ಬೆನ್ನು ತಿರುವಿ ಝಟಕ್ಕನೆ ಜಗ್ಗುವ ಚಾಳಿ ಅವರನ್ನು ಬಿಡಲಿಲ್ಲ.

ಅದೇ ಚಾಳಿ ಅವರನ್ನು ಮಲಗಿಸಿತು. ಆಷಾಢದ ಏಕಾದಶಿ ಕಳೆದಿತ್ತು, ಮಳೆ ಹಿಡಿದಿತ್ತು. ಜಿಮ್ಮಿನಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ಗೋಡೆಯಾಚೆಯಿಂದ ವೈನಿಯ ಧ್ವನಿ, ಲಗೂನೆ ಬನ್ನಿ ಎಂದು. ಓಡಿದೆ. ಆ ಮನೆಯ ನಡುಮನೆ ದಾಟಿ ನಾನು ಹೋದದ್ದು ಅದೇ ಮೊದಲು. ಅಜ್ಜಿ ಮಂಚದಿಂದ ಅರ್ಧ ಜಾರಿ ನೇತಾಡುತ್ತಿದ್ದಳು. ಅವಳನ್ನು ಆತುಕೊಂಡಿದ್ದ ವೈನಿ ಬಾಗಿದಲ್ಲೇ ಸಿಕ್ಕಿಕೊಂಡಿದ್ದರು, ಸೊಂಟ ಹಿಡಿದು ಅಲುಗಲಾರದೆ.

ಮಂಚ ಗೋಡೆಗೆ ಹತ್ತಿತ್ತು, ಎರಡೂ ಕೈ ಹಾಕುವಷ್ಟು ಜಾಗವಿರಲಿಲ್ಲ. ನನಗೆ ಯೋಚಿಸುವ ಪುರಸೊತ್ತೂ ಇರಲಿಲ್ಲ. ಎಡ ಮೊಣಕಾಲು ಮಂಚದ ಮೇಲೆ ಹೋಯಿತು, ಎಡ ಅಂಗೈ ಹಾಸಿಗೆಯ ಮೇಲೆ ಊರಿತು, ಬಲಗೈ ಅಜ್ಜಿಯ ಕಂಕುಳ ಕೆಳಗೆ ಹಾದು ಬೆನ್ನು ಸುತ್ತಿತು. ಬೆನ್ನು ಸಪಾಟು ಮಾಡಿ ಮೊಣಕೈ ಸೊಂಟಕ್ಕೆ ಎಳೆದೆ. ಅಜ್ಜಿ ಬಂದಳು. ಕಬ್ಬಿಣ ಬರುವಷ್ಟೇ ಸುಲಭವಾಗಿ ಬಂದಳು ಎನ್ನಲಾರೆ, ಆದರೆ ಬಂದಳು. ನೆಟ್ಟಗೆ ಕೂಡಿಸಿದೆ. ಅವಳು ಏದುಸಿರು ಬಿಡುತ್ತ ನನ್ನ ಮೊಣಕೈಯಿಂದ ಮೇಲಕ್ಕೆ ತಡವಿ ನೋಡಿದಳು.

“ಯಾರವ್ವಾ ನೀನು? ಭಾಳ ಗಟ್ಟಿ ಅದ ನಿನ್ನ ಕೈ.”

ನಾನು ಬಾಯಿ ತೆರೆದೆ. ನನಗಿಂತ ಮೊದಲು ವೈನಿ, ಸೊಂಟ ಹಿಡಿದುಕೊಂಡೇ, ಹೇಳಿದರು.

“ನಮ್ಮ ಮಾವಶಿ ಮಗಳು, ಅತ್ಯಾ. ಬೆಳಗಾವಿಯಾಕಿ, ಇಲ್ಲೇ ನವನಗರಕ್ಕ ಬಂದಾಳ. ಚಾತುರ್ಮಾಸ ಅಲ್ರೀ, ಮಧ್ಯಾಹ್ನದ ತನಕಾ ಮೌನ ಹಿಡದಾಳ. ಮಾತಾಡಸಬ್ಯಾಡ್ರಿ.”

ಹೇಳಿ ಅವರು ನನ್ನ ಕಡೆ ಕೈ ಮುಗಿದರು. ಅಜ್ಜಿಗೆ ಕಾಣುವಂತಿರಲಿಲ್ಲ. ಆ ಒಂದು ಗಳಿಗೆಯಲ್ಲಿ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು, ಅಷ್ಟು ಒಪ್ಪವಾದ ಸುಳ್ಳು ಅವರಿಗೆ ಹೇಗೆ ಹೊಳೆಯಿತು ಎಂದು ನನಗೆ ಇಂದಿಗೂ ಸೋಜಿಗ. ಚಾತುರ್ಮಾಸದಲ್ಲಿ ಒಬ್ಬರು ಬದನೆಕಾಯಿ ಬಿಡುತ್ತಾರೆ, ಒಬ್ಬರು ಹಾಲು ಬಿಡುತ್ತಾರೆ. ನಾನು ಮಾತು ಬಿಟ್ಟೆ, ಅಂದರೆ ನನ್ನಿಂದ ಬಿಡಿಸಲಾಯಿತು. ನನ್ನ ಧ್ವನಿ ಅಜ್ಜಿಗೆ ಗೊತ್ತಿತ್ತು. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ್ದಳು. ಕೈ ಮಾತ್ರ ಗೊತ್ತಿರಲಿಲ್ಲ.

ಸಂಜೆ ವೈನಿ ಒಂದು ಫಣಿ ಬಾಳೆಹಣ್ಣು ಹಿಡಿದುಕೊಂಡು ಬಂದರು. ಡಾಕ್ಟರು ಭಾರ ಎತ್ತಲೇಬಾರದು ಎಂದಿದ್ದರಂತೆ. ಬೆಳಗ್ಗೆ ಐದು ನಿಮಿಷ ಬಂದು ಅತ್ತೆಯನ್ನು ಕುರ್ಚಿಗೆ ಕೂಡಿಸಿ ಹೋಗುತ್ತೀರಾ ಎಂದು ಕೇಳಿದರು, ಅದೇ ಮಾವಶಿಯ, ಅಂದರೆ ಚಿಕ್ಕಮ್ಮನ, ಮಗಳಾಗಿ. ಕಣ್ಣಲ್ಲಿ ನೀರು ತಂದುಕೊಂಡರು. ಅತ್ತೆಯ ಜೀವಕ್ಕೆ ಸಮಾಧಾನ, ನಿಮಗೆ ಹೋಗುವುದೇನು ಎಂದರು. ನನಗೆ ಹೋಗುವುದೇನೆಂದು ಅವರಿಗೆ ತಿಳಿಯದಿದ್ದರೆ ನಾನು ಹೇಗೆ ತಿಳಿಸಲಿ? ಗೋಡೆಯ ಮೇಲಿನಿಂದ ಗಂಜಿ ಕೊಟ್ಟ ಕೈ ಎದುರಿಗೆ ಬಾಳೆಹಣ್ಣು ಹಿಡಿದು ನಿಂತಿತ್ತು. ಆಯಿತು ಎಂದೆ. ಒಂದು ಕರಾರು ಹಾಕಿದೆ: ಸಮಯ ನೋಡಿ, ನಿಧಾನವಾಗಿ, ನಾನು ಯಾರೆಂದು ಅತ್ತೆಗೆ ನೀವೇ ಹೇಳಬೇಕು. ಹೇಳುತ್ತೇನೆ ಎಂದು ಅವರು ನನ್ನ ಕೈ ಹಿಡಿದರು.

ಅಲ್ಲಿಂದ ನನ್ನ ಬೆಳಗುಗಳು ಹೀಗೆ ಸಾಗಿದವು. ಜಿಮ್ಮಿನಲ್ಲಿ ಬೆಂಚಿನ ಮೇಲೆ ಮೊಣಕಾಲೂರಿ ಕಬ್ಬಿಣ ಎಳೆಯುವುದು, ಮನೆಗೆ ಬಂದು ಮುಖ ತೊಳೆದು, ಬಾಜೂ ಮನೆಯ ಮಂಚದ ಮೇಲೆ ಮೊಣಕಾಲೂರಿ ಅಜ್ಜಿಯನ್ನು ಎಳೆಯುವುದು. ಆಮೇಲೆ ಕಚೇರಿಗೆ ಹೋಗಿ ಗಂಟಲು ಹರಿಯುವಂತೆ ಮಾತಾಡುವುದು. ನನ್ನ ಮಾತಿಗೆ ಎದ್ದು ನಿಲ್ಲುವ ಜನ ಅಲ್ಲಿದ್ದರು. ಅದಕ್ಕೆ ಸ್ವಲ್ಪ ಹೊತ್ತು ಮೊದಲು ನಾನು ಮೂಗಿ.

ಅಜ್ಜಿಗೆ ನನ್ನ ಮೌನ ಬಹಳ ಹಿಡಿಸಿತು. ಈ ಕಾಲದಲ್ಲೂ ಇಂಥ ವ್ರತ ಹಿಡಿಯುವವರು ಇದ್ದಾರಲ್ಲ ಎಂದು ಬಂದುಹೋದವರಿಗೆಲ್ಲ ಹೇಳಿದಳು. ನೋಡಿ ಕಲಿ ಎಂದು ಸೊಸೆಗೆ ಚುಚ್ಚಿದಳು. ಮಾತಾಡದವರ ಎದುರು ಎಲ್ಲರೂ ಮಾತಾಡುತ್ತಾರೆ. ಅಜ್ಜಿಯೂ ಮಾತಾಡಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಹಾರ್ಮೋನಿಯಂ ಕಲಿಯುವ ಆಸೆಯಿತ್ತಂತೆ, ಅತ್ತೆ ಬೇಡವೆಂದರಂತೆ. ಬೀಳುವುದೆಂದರೆ ಈಗ ಕನಸಿನಲ್ಲೂ ಹೆದರಿಕೆಯಂತೆ, ನನ್ನ ಕೈ ಬೆನ್ನ ಹಿಂದೆ ಬಂದಾಗ ಮಾತ್ರ ಹೆದರಿಕೆ ಆಗುವುದಿಲ್ಲವಂತೆ. ಮಗನಿಗಿಂತ ನೀನು ಚೆನ್ನಾಗಿ ಎತ್ತುತ್ತೀ ಎಂದಳು. ಖರೇ ಹೇಳಬೇಕೆಂದರೆ ಆ ಮಾತು ನನಗೆ ಸಿಹಿಯಾಗಿತ್ತು. ಅವಳನ್ನು ಕಂಡರೆ ನನಗೆ ಅಕ್ಕರೆ ಬೆಳೆಯುತ್ತಿತ್ತು, ಮತ್ತು ಬೆಳೆಯುತ್ತಿರುವುದಕ್ಕೆ ಸಿಟ್ಟೂ ಬರುತ್ತಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಸ್ಟ್ಯಾಂಡಿನ ಪಕ್ಕ ನನ್ನ ಡಂಬೆಲ್ ಮಳೆಗೆ ತುಕ್ಕು ಹಿಡಿಯುತ್ತ ಕೂತಿರುತ್ತಿತ್ತು. ನಾನು ಮಾತ್ರ ಒಳಗೆ ಹೋಗಿ ಬರುತ್ತಿದ್ದೆ, ಬೇರೆಯವಳಾಗಿ.

ವೈನಿಗೆ ಸಮಯ ಕೂಡಿ ಬರಲಿಲ್ಲ. ಶ್ರಾವಣದಲ್ಲಿ ಹೇಳಿದರೆ ಹಬ್ಬ ಕೆಡುತ್ತದೆ ಎಂದರು. ಗಣಪತಿ ಹೋಗಲಿ ಎಂದರು. ಪಿತೃಪಕ್ಷದಲ್ಲಿ ಮನಸ್ಸು ನೋಯಿಸಬಾರದು ಎಂದರು. ಹೃದಯ ದುರ್ಬಲ ಎಂದರು. ನಮ್ಮ ಕ್ಯಾಲೆಂಡರಿನಲ್ಲಿ ನೆಪಗಳಿಗೆ ಯಾವತ್ತೂ ಬರವಿಲ್ಲ. ಒಂದು ದಿನ ನಾನು ಸಿಟ್ಟಿನಿಂದಲೇ ಕೇಳಿದೆ, ಕಾರ್ತಿಕದಲ್ಲಿ ಚಾತುರ್ಮಾಸ ಮುಗಿಯುತ್ತದೆ, ಆಗ ನನ್ನ ಬಾಯಿಗೆ ಏನು ಬೀಗ ಹಾಕುತ್ತೀರಿ ಎಂದು. ಆಮೇಲೆ ನೋಡೋಣ ಎಂದು ನಕ್ಕರು. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅಜ್ಜಿ ನನ್ನನ್ನು ಒಪ್ಪಲಿ ಎಂಬ ಆಸೆ ನನಗಿರಲಿಲ್ಲ, ಆ ವಯಸ್ಸಿನವರನ್ನು ತಿದ್ದುವ ಹಟ ನಾನು ಎಂದೋ ಬಿಟ್ಟಿದ್ದೇನೆ. ಆದರೆ ಆ ಕೋಣೆಯಲ್ಲಿ, ಅಜ್ಜಿಯ ಎದುರು, ಈಕೆ ನಮ್ಮ ಬಾಜೂ ಮನೆಯವರು, ನನ್ನ ಗೆಳತಿ ಎಂದು ವೈನಿ ಒಂದು ಸಲ ಹೇಳಬೇಕಿತ್ತು. ಆಮೇಲೆ ಅಜ್ಜಿ ನನ್ನನ್ನು ಹೊರಗೆ ದಬ್ಬಿದ್ದರೂ ನಡೆಯುತ್ತಿತ್ತು.

ದಸರೆ ಬಂತು. ದಶಮಿಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುತ್ತೇವೆ, ಬಂಗಾರದ ಹಾಗೆ ಇರೋಣ ಎನ್ನುತ್ತೇವೆ. ಅಪ್ಪ ಬುದ್ಧನ ಕಡೆ ಹೋದರೂ ಬನ್ನಿ ಬಿಡಲಿಲ್ಲ, ಎಲೆಗೆ ಯಾವ ಧರ್ಮ ಎನ್ನುತ್ತಿದ್ದ. ಪ್ರತಿವರ್ಷದಂತೆ ನಾನು ಬಾಜೂ ಮನೆಗೂ ಹೋದೆ. ಪ್ರತಿವರ್ಷದಂತೆ ವೈನಿ ಗೇಟಿಗೇ ಬಂದು ಬನ್ನಿ ಕೊಟ್ಟು, ತೆಗೆದುಕೊಂಡು, ನಗುತ್ತ ಕೈ ಮುಗಿದರು.

ಮರುದಿನ ಬೆಳಿಗ್ಗೆ ಎತ್ತಲು ಹೋದಾಗ ಅಜ್ಜಿ ನನಗಾಗಿ ಬನ್ನಿ ಎತ್ತಿಟ್ಟುಕೊಂಡಿದ್ದಳು. ನನ್ನ ಅಂಗೈ ಹುಡುಕಿ ಅದರಲ್ಲಿ ಎಲೆಯಿಟ್ಟು ಮುಚ್ಚಿದಳು. ಬಿಡಲಿಲ್ಲ, ಹಿಡಿದುಕೊಂಡೇ ಇದ್ದಳು. ನಿನ್ನೆ ಎಲ್ಲರೂ ಬಂದಿದ್ದರು, ನೀನೊಬ್ಬಳೇ ಬಂದಿರಲಿಲ್ಲ ಎಂದಳು. ಹೆಬ್ಬೆರಳಿನಿಂದ ನನ್ನ ಅಂಗೈ ತೀಡಿದಳು. ಡಂಬೆಲ್ ಹಿಡಿದು ಅಲ್ಲಿ ದಡ್ಡು ಕಟ್ಟಿತ್ತು. ಅದನ್ನು ಅವಳು ಏನೆಂದು ತಿಳಿದಳೋ, ಪೂಜೆಯ ಪಾತ್ರೆ ತಿಕ್ಕಿದ್ದೆಂದೋ, ಗಂಧ ತೇದದ್ದೆಂದೋ.

“ಮುಟ್ಟಿದ ಕೂಡಲೆ ಕುಲಾ ಗೊತ್ತಾಗತದವ್ವಾ,” ಎಂದಳು. “ಮೊದಲನೇ ದಿನಾನಽ ಅಂದೆ, ಇದು ಛಲೋ ಮನಿತನದ ಕೈ ಅಂತ. ಬಾಜೂಕ ಒಬ್ಬಾಕಿ ಇದ್ದಾಳ, ಆಫೀಸಿನಾಕಿ. ಭಾಳ ಛಲೋ ಹೆಣ್ಮಗಳು ಅಂತಾಳ ನಮ್ಮ ಸೊಸಿ. ಇರಲಿ. ನಿನ್ನೆ ಬಂದಿದ್ಲು. ಗೇಟಿನ್ಯಾಗಽ ಬನ್ನಿ ಕೊಟ್ಟು ಕಳಸು, ಒಳಗ ಕರೀಬ್ಯಾಡ ಅಂತ ಹೇಳೀನಿ. ಹೌದಲ್ಲೇನ?”

ಕೊನೆಯ ಪ್ರಶ್ನೆ ವೈನಿಗೆ. ಅವರು ಮಂಚದ ಕಾಲ ಬಳಿ ಒದ್ದೆ ಬಟ್ಟೆ ಹಿಂಡುತ್ತಿದ್ದರು. ನಾನು ಅವರ ಮುಖ ನೋಡಿದೆ. ಇದಕ್ಕಿಂತ ದೊಡ್ಡ ಬಾಗಿಲು ಅವರಿಗೆ ಯಾರು ತೆರೆದು ಕೊಡುತ್ತಾರೆ? ಒಂದು ಮಾತು ಸಾಕಿತ್ತು. ಹೋಗಲಿ, ಅರ್ಧ ಮಾತು. ವೈನಿ ಬಟ್ಟೆಯಿಂದ ಕಣ್ಣೆತ್ತಲಿಲ್ಲ.

“ಹೂಂ ಅತ್ಯಾ,” ಎಂದರು.

ಎಲೆಯನ್ನು ಹಾಸಿಗೆಯ ಮೇಲಿಟ್ಟೆ. ಎಂದಿನಂತೆ ಮಂಚಕ್ಕೆ ಮೊಣಕಾಲೂರಿದೆ, ಅಂಗೈಯೂರಿದೆ, ಬಲಗೈ ಅಜ್ಜಿಯ ಬೆನ್ನು ಸುತ್ತಿತು. ಅಜ್ಜಿ ಎಂದಿನಂತೆ ನನ್ನ ಕೊರಳಿಗೆ ಕೈ ಹಾಕಿದಳು. ಮೈ ಹಾಸಿಗೆ ಬಿಟ್ಟು ಮೇಲೆದ್ದಿತು. ಅವಳ ಕಿವಿ ನನ್ನ ಬಾಯಿಯ ಹತ್ತಿರವೇ ಇತ್ತು, ಧ್ವನಿ ಎತ್ತರಿಸುವ ಅಗತ್ಯ ಬೀಳಲಿಲ್ಲ.

“ಅಜ್ಜಿ, ನಿನ್ನೆ ಗೇಟಿನ್ಯಾಗ ಬನ್ನಿ ಇಸಗೊಂಡಾಕಿ ನಾನಽ. ನಿಮ್ಮ ಬಾಜೂ ಮನ್ಯಾಕಿ. ಮಳಿಗಾಲದಿಂದ ನಿಮ್ಮನ್ನ ಎತ್ತಾಕತ್ತಾಕಿ ನಾನಽ ಅದೇನಿ. ನನಗ ಯಾವ ಮೌನವ್ರತಾನೂ ಇಲ್ಲರಿ.”

ಆ ಮೈ ಕಟ್ಟಿಗೆಯಾಯಿತು. ಕೊರಳ ಸುತ್ತಿನ ಕೈ ಸಡಿಲವಾಗಲಿಲ್ಲ, ಇನ್ನೂ ಬಿಗಿಯಾಯಿತು. ಉಗುರು ನಾಟಿದವು. ಬಿಟ್ಟರೆ ಬೀಳುತ್ತಾಳೆ, ಅದಕ್ಕೇ ಬಿಡಲಿಲ್ಲ. ಅದಕ್ಕೆ ಬೇರೆ ಅರ್ಥ ಹಚ್ಚಿ ಕಣ್ಣೀರು ತರಿಸಲು ನನಗೆ ಮನಸ್ಸಿಲ್ಲ. ನಾನು ಅವಸರ ಮಾಡಲಿಲ್ಲ, ಝಟಕಾ ಕೊಡಲಿಲ್ಲ. ಕಲಿತ ಹಾಗೆ ಮಾಡಿ, ನಿಧಾನಕ್ಕೆ ಕುರ್ಚಿಯಲ್ಲಿ ಇಳಿಸಿದೆ. ಕೂತ ಮೇಲೆ ಅವಳು ಕೈ ತೆಗೆದಳು. ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ, ಸೀರೆಗೆ ತಾಗದಂತೆ ಗಾಳಿಯಲ್ಲೇ ಹಿಡಿದುಕೊಂಡಳು.

“ನನಗ ಸ್ನಾನಾ ಮಾಡಸು,” ಎಂದಳು ಸೊಸೆಗೆ. ಇಡೀ ಚಾತುರ್ಮಾಸ ಇಬ್ಬರೂ ಕೂಡಿ ಹಾಳು ಮಾಡಿದಿರಿ ಎಂದಳು. ಧ್ವನಿಯಲ್ಲಿ ಅಳುವಿರಲಿಲ್ಲ, ಕೂಗಾಟವೂ ಇರಲಿಲ್ಲ.

ವೈನಿ ನನ್ನ ಪಕ್ಕದಲ್ಲೇ ನಿಂತಿದ್ದರು, ತೋಳಿಗೆ ತೋಳು ತಾಗುವಷ್ಟು ಹತ್ತಿರ. ಸ್ನಾನ ಬೇಡ, ನೆಗಡಿಯಾದೀತು, ಗಂಗಾಜಲ ಚಿಮುಕಿಸುತ್ತೇನೆ ಎಂದು ಅತ್ತೆಗೆ ಹೇಳಿದರು. ಸಾರಿಗೆ ಉಪ್ಪು ಕಡಿಮೆಯಾಗಿದೆ, ಸ್ವಲ್ಪ ಹಾಕುತ್ತೇನೆ ಎಂಬಷ್ಟು ಸಹಜವಾಗಿ ಹೇಳಿದರು. ನಾನು ಅಲ್ಲಿಯೇ ಇದ್ದೆ. ನನ್ನನ್ನು ತೊಳೆಯುವುದಕ್ಕೆ ಎಷ್ಟು ನೀರು ಸಾಕು ಎಂದು ಅತ್ತೆ ಸೊಸೆ ನನ್ನೆದುರೇ ಚೌಕಾಶಿ ಮಾಡುತ್ತಿದ್ದರು. ಅಜ್ಜಿ ಒಪ್ಪಲಿಲ್ಲ. ತಲೆಯ ಮೇಲೆ ನೀರು ಬೀಳಲೇಬೇಕು, ಅಲ್ಲಿಯವರೆಗೆ ಬಾಯಿಗೆ ಹನಿ ನೀರು ಹಾಕುವುದಿಲ್ಲ ಎಂದಳು.

ಬಚ್ಚಲು ಇರುವುದು ಪಡಸಾಲೆಯ ಆ ತುದಿಗೆ. ಹೊಸ್ತಿಲು ಎತ್ತರ. ಮಗ ಹುಬ್ಬಳ್ಳಿಯಲ್ಲಿ. ವೈನಿ ಅತ್ತೆಯನ್ನು ನೋಡಿದರು, ಬಚ್ಚಲ ಕಡೆ ನೋಡಿದರು, ತಮ್ಮ ಸೊಂಟ ಮುಟ್ಟಿಕೊಂಡರು. ಕೊನೆಗೆ ನನ್ನನ್ನು ನೋಡಿದರು. ಬಾಯಿಬಿಟ್ಟು ಕೇಳುವಷ್ಟು ನಾಚಿಕೆಗೇಡಿ ಅವರಲ್ಲ. ಆದರೆ ಆ ನೋಟ ನನಗೆ ಗೊತ್ತಿತ್ತು, ಬಾಳೆಹಣ್ಣು ಹಿಡಿದು ಬಂದ ಸಂಜೆಯದೇ ನೋಟ ಅದು. ನನ್ನ ಮೈಲಿಗೆ ತೊಳೆದುಕೊಳ್ಳುವುದಕ್ಕೂ ಅಜ್ಜಿಯನ್ನು ನಾನೇ ಎತ್ತಿಕೊಂಡು ಹೋಗಬೇಕಿತ್ತು.

ನನಗೆ ನಗು ತಡೆಯಲಿಲ್ಲ. ನಕ್ಕೆ. ಆ ಮನೆಯಲ್ಲಿ ನಾನು ನಕ್ಕದ್ದು ಅದೊಂದೇ ಸಲ.

“ಬಚ್ಚಲಕ್ಕ ಒಯ್ತೇನ್ರಿ ಅಜ್ಜಿ, ನನಗೇನೂ ತ್ರಾಸಿಲ್ಲ,” ಎಂದೆ. “ಆದರ ಸ್ನಾನಾ ಆದಮ್ಯಾಲೆ ನಿಮ್ಮನ್ನ ಹೊರಗ ತರೋರು ಯಾರು? ನಾನಽ ತರಬೇಕು. ಮತ್ತ ಮೈಲಿಗಿ. ಮತ್ತ ಸ್ನಾನಾ. ಸಂಜೀ ತನಕಾ ನಾವಿಬ್ಬರೂ ಇದನ್ನಽ ಮಾಡ್ಕೋತ ಕೂಡಬೇಕಾಗತೈತಿ.”

ಅಜ್ಜಿ ದಡ್ಡಿಯಲ್ಲ, ಲೆಕ್ಕ ಅವಳಿಗೆ ತಿಳಿಯಿತು. ಮಗ ಬರುವ ತನಕ ಇಲ್ಲೇ ಕೂಡುತ್ತೇನೆ ಎಂದಳು. ಕಿಟಕಿಯ ಕಡೆ ಮುಖ ತಿರುಗಿಸಲು ಹೋದಳು, ಸೊಂಟ ತಿರುಗಲಿಲ್ಲ. ನಾನು ಕುರ್ಚಿಯನ್ನು ಸ್ವಲ್ಪ ಸರಿಸಿ ಕೊಡಬಹುದಿತ್ತು. ಬೆತ್ತಕ್ಕೆ ಮೈಲಿಗೆಯೋ ಅಲ್ಲವೋ ಗೊತ್ತಾಗಲಿಲ್ಲ, ಸುಮ್ಮನೆ ಹೊರಗೆ ಬಂದೆ. ಕಚೇರಿಗೆ ಹೊತ್ತಾಗಿತ್ತು.

ವೈನಿ ನನ್ನ ಹಿಂದೆಯೇ ಬಂದರು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಕುಂಟುತ್ತ. ನಾನು ಗೇಟಿನ ಬಳಿ ನಿಂತೆ. ನಿಂತದ್ದು ಏಕೆ ಎಂದು ಮುಚ್ಚಿಡುವುದಿಲ್ಲ. ಅವರು ಕ್ಷಮಿಸಿ ಎನ್ನುತ್ತಾರೆ ಎಂದುಕೊಂಡಿದ್ದೆ. ಹೂಂ ಎಂದದ್ದಕ್ಕೆ, ಗಂಗಾಜಲಕ್ಕೆ, ಯಾವುದಾದರೂ ಒಂದಕ್ಕೆ. ಅಂದಿದ್ದರೆ ನಾನು ಕರಗುತ್ತಿದ್ದೆ, ನನ್ನ ಸಿಟ್ಟು ಅಷ್ಟರದೇ. ಬಹುಶಃ ಮರುದಿನ ಮತ್ತೆ ಹೋಗುತ್ತಲೂ ಇದ್ದೆ. ವೈನಿಯ ಕಣ್ಣು ತುಂಬಿತ್ತು. ಗೇಟಿನ ಸರಳು ಹಿಡಿದು ಅವರು ಕೇಳಿದರು.

“ಛಲೋ ನಡದಿತ್ತಲ್ರೀ ಮೇಡಂ. ಯಾರಿಗೆ ಏನು ತ್ರಾಸ ಇತ್ತು? ಯಾಕ ಹೇಳಿದ್ರಿ ನೀವು?”

ಅದು ಚುಚ್ಚುಮಾತಾಗಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತ ನಿಂತಿದ್ದರು. ಇಷ್ಟು ವರ್ಷದ ಗೆಳೆತನದಲ್ಲಿ ಅವರು ಮನಸ್ಸು ಬಿಚ್ಚಿ ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ, ಮತ್ತು ಅದರ ಉತ್ತರ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.